ಸಾಕ್ಷಿಯ ಮಾತು, ವಕೀಲರ ವಿದ್ಯೆ

ಮುಂದೆ ವಕೀಲರಾಗಬೇಕೆಂದು ಬಯಸುವ ಬಾಲಕ ಬಾಲಿಕೆಯರು ನಮ್ಮ ಶಾಲೆಗಳಲ್ಲಿ ಇಲ್ಲದಿಲ್ಲ. ಕನ್ನಡದಲ್ಲಿ ಓದಿದವರಿಗೆ ಆ ವೃತ್ತಿ ಎಟುಕೀತೇ ಎಂದು ತಂದೆತಾಯಿಗಳು ಶಂಕಿಸುವುದೂ ಉಂಟು. ಆದುದರಿಂದ ಆ ವಿದ್ಯೆಯ ಹಾದಿಯನ್ನೂ ವೃತ್ತಿಯ ಸ್ವರೂಪವನ್ನೂ ಸಂಕ್ಷೇಪವಾಗಿ ತಿಳಿಸಬಯಸುತ್ತೇವೆ.

ಹಾದಿಗಳು ಎರಡು. ಹನ್ನೆರಡನೆಯ ತರಗತಿಯ ಬಳಿಕ 5 ವರ್ಷಗಳ ಕಾನೂನು ವ್ಯಾಸಂಗ ಒಂದು. ಬೇರೊಂದು ಪದವಿಯನ್ನು ಪಡೆದ ಮೇಲೆ 3 ವರ್ಷಗಳ ವ್ಯಾಸಂಗ ಇನ್ನೊಂದು. ಅನಂತರ 1961ರ ವಕೀಲರ ಕಾಯಿದೆಗೆ ಅನುಸಾರವಾಗಿ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರನ್ನು ನೋಂದಾಯಿಸಬೇಕು. ಅಖಿಲ ಭಾರತ ಮಟ್ಟದ ವಕೀಲರ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ಆ ಮೇಲೆ ಹಿರಿಯ ವಕೀಲರ ಕೈಕೆಳಗೆ ಕೆಲಸ ಕಲಿಯುವುದು ರೂಢಿ. ಆ ದಿನಗಳಲ್ಲಿ ದುಡಿಮೆ ಹೆಚ್ಚು, ವರಮಾನ ಕಡಿಮೆ ಎಂಬುದನ್ನು ಹೆತ್ತವರು ಮೊದಲೇ ಅರಿತಿರುವುದು ಒಳ್ಳೆಯದು.

ಮೊಕದ್ದಮೆಯ ವಿಚಾರಣೆ ನಡೆಸುವ ವಕೀಲರ ಮುಖ್ಯ ಸಾಧನವೆಂದರೆ ಪ್ರಶ್ನೆ. ಸಾಕ್ಷಿಯನ್ನು ಕರೆಸಿದ ಪಕ್ಷದವರು ಮೊದಲು ಅವನಿಂದ ಸಂಗತಿಗಳನ್ನು ಹೇಳಿಸುತ್ತಾರೆ. ಇದು ಮುಖ್ಯ ವಿಚಾರಣೆ. ಎದುರು ಪಕ್ಷದವರು ಆ ಮಾತನ್ನು ಒರೆಗೆ ಹಚ್ಚುವುದು ಪಾಟೀಸವಾಲು. ಬೇಕಾದಲ್ಲಿ ಮರುವಿಚಾರಣೆಯೂ ಉಂಟು. "ಆ ರಾತ್ರಿ ನೀನು ಯಾರನ್ನು ಕಂಡೆ?" ಎಂದು ಮುಖ್ಯ ವಿಚಾರಣೆಯಲ್ಲಿ ಕೇಳಬಹುದು. "ಕಂಡದ್ದು ಇವನನ್ನೇ ಅಲ್ಲವೆ?" ಎಂದು ಉತ್ತರವನ್ನು ಬಾಯಿಗಿಡುವ ಪ್ರಶ್ನೆಗೆ ಅಲ್ಲಿ ಸಾಮಾನ್ಯವಾಗಿ ಎಡೆಯಿಲ್ಲ, ಪಾಟೀಸವಾಲಿನಲ್ಲಿ ಉಂಟು.

ಈ ಕಲೆ ಪದವಿಯೊಡನೆ ತಾನಾಗಿ ಬರುವುದಿಲ್ಲ. 1891ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದ ಗಾಂಧೀಜಿಯವರು ಮುಂಬಯಿಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ತಮ್ಮ ಮೊದಲನೆಯ ಮೊಕದ್ದಮೆಯ ಪಾಟೀಸವಾಲಿಗೆ ಎದ್ದು ನಿಂತಾಗ ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಆದರೆ 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ, ದಾದಾ ಅಬ್ದುಲ್ಲಾ ಅವರ ವ್ಯಾಪಾರದ ವ್ಯಾಜ್ಯವನ್ನು ತಿಳಿಯುವುದಕ್ಕಾಗಿ ಲೆಕ್ಕಪತ್ರದ ವಿದ್ಯೆಯನ್ನೇ ಕಲಿತರು. ಸಂಗತಿಗಳನ್ನು ಬುಡದಿಂದ ಅರಿತರು. ಕೊನೆಗೆ ಉಭಯ ಪಕ್ಷಗಳನ್ನೂ ಪಂಚಾಯಿತಿಗೆ ಒಪ್ಪಿಸಿದರು.

ಇನ್ನು ಭಾಷೆಯ ಮಾತು. ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ಇಂಗ್ಲಿಷ್ ಬೇಕು. ಕೆಳಗಿನ ನ್ಯಾಯಾಲಯಗಳಲ್ಲಿ ರಾಜ್ಯಭಾಷೆಯೂ ಬೇಕು. ಇವೆರಡನ್ನೂ ಶ್ರದ್ಧೆಯಿಂದ ಕಲಿಯಲೇಬೇಕು. ಆದರೆ ಗಡಿನಾಡಿನ ಸಾಕ್ಷಿ ನುಡಿಯುವುದು ಮನೆಯ ಮಾತನ್ನು. ಅವನು "ಮಾವ" ಎಂದರೆ ತಾಯಿಯ ಸೋದರನೋ ಹೆಂಡತಿಯ ತಂದೆಯೋ? ಅನುವಾದಕನು ತಪ್ಪಾಗಿ ಬರೆದರೆ ಆಸ್ತಿಯ ವ್ಯಾಜ್ಯದಲ್ಲಿ ಸಂಬಂಧವೇ ಬೇರೆಯಾದೀತು. ಕನ್ನಡ ಬಲ್ಲ ವಕೀಲರು ಒಡನೆಯೇ ಎದ್ದು ಅದನ್ನು ತಿದ್ದಿಸಬಲ್ಲರು. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನೇ ವಿಧಿಸಿದೆ. ಅದು ಸರಿಯಾಗಿ ನಡೆಯಿತೇ ಎಂದು ನೋಡಿಕೊಳ್ಳುವವರೂ ಬೇಕಷ್ಟೆ.

ಆದುದರಿಂದ ಕನ್ನಡ ಶಾಲೆಯ ಓದು ಈ ವೃತ್ತಿಗೆ ಅಡ್ಡಿಯಲ್ಲ, ಬಂಡವಾಳ. ವಿದ್ಯಾರ್ಥಿಗಳು ಇಂದೇ ಗಮನವಿಟ್ಟು ಕೇಳುವುದನ್ನೂ, ಕೇಳಿದುದನ್ನು ಕೂಡಿಸದೆ ಕಳೆಯದೆ ಹೇಳುವುದನ್ನೂ ಅಭ್ಯಾಸ ಮಾಡಲಿ.