ನೀರಂಚಿನ ಹೊಸ ಬಡಾವಣೆಗೆ ನಡೆದು ಹೋಗುವ ದಾರಿ

ನಗರದ ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ಎರಡು ಸ್ಥಳಗಳ ನಡುವಿನ ದೂರ ಅಳೆಯುವುದು ಸುಲಭ. ಆದರೆ ಆ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸುವವರಿಗೆ ಬೇರೆಯೇ ಲೆಕ್ಕ ಎದುರಾಗುತ್ತದೆ. ನಡುವೆ ಕಾಲುವೆ ಇರಬಹುದು, ದಾಟಲಾಗದಷ್ಟು ಅಗಲದ ರಸ್ತೆ ಇರಬಹುದು, ನೆಲದ ಎತ್ತರವೇ ಬದಲಾಗಬಹುದು. ಹಳೆಯ ಬಂದರುಗಳನ್ನು ಬಡಾವಣೆಗಳಾಗಿ ಪರಿವರ್ತಿಸುವಾಗ ಈ ಮೂರೂ ಒಟ್ಟಿಗೆ ಎದುರಾಗುತ್ತವೆ. ಜರ್ಮನಿಯ ಹ್ಯಾಂಬರ್ಗ್ ನಗರದ ‘ಹಾಫೆನ್‌ಸಿಟಿ’ ಇದಕ್ಕೆ ಒಳ್ಳೆಯ ಉದಾಹರಣೆ.

ಬಂದರಿನಿಂದ ಬಡಾವಣೆಗೆ

ಹ್ಯಾಂಬರ್ಗ್ ಎಲ್ಬ್ ನದಿಯ ದಂಡೆಯಲ್ಲಿದೆ. ಸರಕು ಸಾಗಣೆಗೆ ಕಂಟೇನರುಗಳು ಬಂದ ಮೇಲೆ ದೊಡ್ಡ ಹಡಗುಗಳು ನಗರಕೇಂದ್ರಕ್ಕೆ ಹತ್ತಿರವಿದ್ದ ಹಳೆಯ ದಕ್ಕೆಗಳನ್ನು ಬಿಟ್ಟು ಬೇರೆಡೆ ಹೋದವು. ಹೀಗೆ ತೆರವಾಗತೊಡಗಿದ ಸುಮಾರು 157 ಹೆಕ್ಟೇರ್ ಪ್ರದೇಶದಲ್ಲಿ ಮನೆ, ಕಚೇರಿ, ಶಾಲೆಗಳನ್ನು ಕಟ್ಟುವ ಯೋಜನೆ 1997ರಲ್ಲಿ ಪ್ರಕಟವಾಯಿತು. ಅದರ ಮಹಾಯೋಜನೆಗೆ 2000ದಲ್ಲಿ ಒಪ್ಪಿಗೆ ದೊರೆಯಿತು. ನಕಾಶೆಯಲ್ಲಿ ನೋಡಿದರೆ ಇದು ನಗರಕೇಂದ್ರಕ್ಕೆ ತಗುಲಿಕೊಂಡಂತೆಯೇ ಇದೆ. ಆದರೂ ನಗರದ ಜನರಿಗೆ ಇದು ದೂರದ ಜಾಗವಾಗಿತ್ತು. ಏಕೆ?

ಮೊದಲ ಕಾರಣ ಸುಂಕದ ಗಡಿ. ಈ ಭಾಗವು 1888ರಲ್ಲಿ ಸ್ಥಾಪನೆಯಾದ ಸುಂಕಮುಕ್ತ ಬಂದರಿನೊಳಗೆ ಇದ್ದುದರಿಂದ ಬೇಲಿ ಮತ್ತು ತಪಾಸಣೆ ಇತ್ತು. ಈ ಗಡಿಯನ್ನು ಕಾನೂನಿನಿಂದ ಸರಿಸಬಹುದಾಗಿತ್ತು, ಸರಿಸಲಾಯಿತು. ಉಳಿದ ಎರಡು ಕಾರಣಗಳು ಅಷ್ಟು ಸುಲಭವಲ್ಲ. ಒಂದು, ಎರಡನೇ ಮಹಾಯುದ್ಧದ ನಂತರ ನಗರಮಧ್ಯದಲ್ಲಿ ಪೂರ್ವ–ಪಶ್ಚಿಮವಾಗಿ ನಿರ್ಮಿಸಿದ ಅಗಲವಾದ ವಾಹನರಸ್ತೆ. ಇದರ ಒಂದು ಭಾಗಕ್ಕೆ ಈಗ ವಿಲ್ಲಿ ಬ್ರಾಂಟ್ ಅವರ ಹೆಸರಿದೆ. ಇನ್ನೊಂದು, ಪ್ರವಾಹ.

ಎತ್ತರದ ಸಮಸ್ಯೆ

ಹ್ಯಾಂಬರ್ಗ್ ಸಮುದ್ರದಿಂದ ಸುಮಾರು 100 ಕಿ.ಮೀ. ಒಳಗಿದ್ದರೂ ಅಲ್ಲಿ ನದಿ ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ವಾಯವ್ಯದಿಂದ ಬಿರುಗಾಳಿ ಬೀಸಿದಾಗ ಉತ್ತರ ಸಮುದ್ರದ ನೀರು ಆಲಿಕೆಯಾಕಾರದ ನದೀಮುಖಕ್ಕೆ ನುಗ್ಗುತ್ತದೆ. ಒಳಗೆ ಬಂದಂತೆ ಪಾತ್ರ ಕಿರಿದಾಗುವುದರಿಂದ ನೀರಿನ ಮಟ್ಟ ಮೇಲೇರುತ್ತದೆ. 1962ರ ಫೆಬ್ರವರಿಯಲ್ಲಿ ಹೀಗಾದಾಗ ಏರಿಗಳು ಒಡೆದು ನಗರದಲ್ಲಿ 315 ಜನ ಸತ್ತರು. ಆಗ ನೀರು 5.70 ಮೀ. ಮಟ್ಟ ಮುಟ್ಟಿತ್ತು. 2013ರ ಡಿಸೆಂಬರ್‌ನಲ್ಲಿ ಅದು 6.09 ಮೀ. ತಲುಪಿತು.

ಹಳೆಯ ದಕ್ಕೆಗಳ ನೆಲ ಹಲವೆಡೆ 5 ಮೀ. ಆಸುಪಾಸಿನಲ್ಲಿತ್ತು. ಸುತ್ತಲೂ ಏರಿ ಕಟ್ಟಿದ್ದರೆ ಜನರಿಗೂ ನೀರಿಗೂ ನಡುವೆ ಗೋಡೆ ಎದ್ದಂತಾಗುತ್ತಿತ್ತು. ಇಡೀ ಏರಿ ಮುಗಿಯುವ ತನಕ ಯಾವ ಕಟ್ಟಡವೂ ಸುರಕ್ಷಿತವಾಗುತ್ತಿರಲಿಲ್ಲ. ಆದ್ದರಿಂದ ಕಟ್ಟಡಗಳನ್ನೂ ಮುಖ್ಯ ರಸ್ತೆಗಳನ್ನೂ 8 ಮೀ.ಗೂ ಹೆಚ್ಚು ಎತ್ತರದ ದಿಬ್ಬಗಳ ಮೇಲೆ ಕಟ್ಟಲು ನಿರ್ಧರಿಸಲಾಯಿತು. ದಕ್ಕೆಯ ಅಂಚಿನ ಕಾಲುದಾರಿಗಳು ಮಾತ್ರ ಕೆಳಗೇ ಉಳಿದವು. ಎಂದಾದರೊಮ್ಮೆ ಅವು ಮುಳುಗಿದರೂ ಮನೆಗಳಿಗೆ ಅಪಾಯವಿಲ್ಲ.

ಇಲ್ಲೊಂದು ತೊಡಕನ್ನು ಗಮನಿಸಿ. ಹೊಸ ಬಡಾವಣೆಗೂ ನಗರಕೇಂದ್ರಕ್ಕೂ ನಡುವೆ ಹಳೆಯ ಉಗ್ರಾಣಗಳ ಕೇರಿ ಇದೆ. 2015ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಈ ಕೇರಿಯ ನೆಲ ತಗ್ಗಿನಲ್ಲಿದೆ, ಅದನ್ನು ಎತ್ತರಿಸುವಂತಿಲ್ಲ. ಪ್ರವಾಹ ಬಂದರೆ ದಿಬ್ಬದ ಮೇಲಿನವರು ಸುರಕ್ಷಿತರು, ಆದರೆ ದ್ವೀಪದಲ್ಲಿ ಸಿಕ್ಕಿಕೊಂಡವರಂತೆ. ಆಂಬುಲೆನ್ಸ್ ಬರುವುದು ಹೇಗೆ? ಇದಕ್ಕೆ ಉತ್ತರವಾಗಿ ಕಿಬ್ಬೆಲ್‌ಸ್ಟೆಗ್ ಎಂಬಲ್ಲಿ ಎರಡು ಹಂತದ ಸೇತುವೆಗಳನ್ನು ಕಟ್ಟಲಾಯಿತು. ಕೆಳಹಂತ ಉಗ್ರಾಣದ ಕೇರಿಯ ಮಟ್ಟಕ್ಕೆ ಹೊಂದುತ್ತದೆ. ಮೇಲ್ಹಂತ ಪ್ರವಾಹದ ಮಟ್ಟಕ್ಕಿಂತ ಎತ್ತರದಲ್ಲಿದೆ. ದಿನನಿತ್ಯ ಅದು ಪಾದಚಾರಿಗಳ ದಾರಿ. ಪ್ರವಾಹದ ದಿನ ತುರ್ತುವಾಹನಗಳ ದಾರಿ.

ಎತ್ತರಕ್ಕೆ ತೆರಬೇಕಾದ ಬೆಲೆಯೂ ಇದೆ. ಕೆಳಗಿನ ಕಾಲುದಾರಿಯಿಂದ 3.6 ಮೀ. ಮೇಲೇರಬೇಕು ಎಂದಿಟ್ಟುಕೊಳ್ಳಿ. ತಲಾ 15 ಸೆಂ.ಮೀ. ಎತ್ತರದ 24 ಮೆಟ್ಟಿಲು ಸಾಕು. ಆದರೆ ಗಾಲಿಕುರ್ಚಿಯವರಿಗೆ 12ಕ್ಕೆ 1ರ ಇಳಿಜಾರು ಬೇಕೆಂದರೆ ಅದರ ಉದ್ದ 43 ಮೀ. ಆಗುತ್ತದೆ. 20ಕ್ಕೆ 1ರಂತೆ ಹಗುರಗೊಳಿಸಿದರೆ 72 ಮೀ. ಮೊದಲೇ ಜಾಗ ಕಾದಿರಿಸದಿದ್ದರೆ ಆಮೇಲೆ ಮೆಟ್ಟಿಲಷ್ಟೇ ಗತಿ.

ಕಾಯುವುದೂ ದೂರವೇ

ಇನ್ನು ಅಗಲ ರಸ್ತೆಯ ವಿಷಯ. ವ್ಯಕ್ತಿಯೊಬ್ಬ ಸೆಕೆಂಡಿಗೆ 1.2 ಮೀ. ವೇಗದಲ್ಲಿ ನಡೆಯುತ್ತಾನೆ ಎನ್ನೋಣ. ಸಿಗ್ನಲ್ಲಿನಲ್ಲಿ 60 ಸೆಕೆಂಡು ನಿಂತರೆ 72 ಮೀ. ಹೆಚ್ಚಿಗೆ ನಡೆದಷ್ಟು ಹೊತ್ತು ಕಳೆಯಿತು. ರಸ್ತೆಯ ನಡುವಿನ ದಿಣ್ಣೆಯಲ್ಲಿ ಇನ್ನೊಮ್ಮೆ ಅಷ್ಟೇ ಕಾಯಬೇಕಾದರೆ 144 ಮೀ. ಆದ್ದರಿಂದ ಇಂಥ ಕಡೆ ಹೊಸ ಸೇತುವೆ ಕಟ್ಟುವುದಕ್ಕಿಂತ ಪಾದಚಾರಿಗಳ ಹಸಿರುದೀಪದ ಅವಧಿ ಹೆಚ್ಚಿಸುವುದರಿಂದಲೇ ಕೆಲವೊಮ್ಮೆ ಹೆಚ್ಚು ಪ್ರಯೋಜನವಾಗುತ್ತದೆ. ಹ್ಯಾಂಬರ್ಗ್‌ನಲ್ಲಿ ಸೇತುವೆಗಳಿವೆ, 2012ರಿಂದ ಮೆಟ್ರೋ ರೈಲೂ ಇದೆ. ಆದರೂ ಹಳೆಯ ನಗರಕ್ಕೂ ಹೊಸದಕ್ಕೂ ನಡುವೆ ಆ ರಸ್ತೆ ಇಂದಿಗೂ ದೊಡ್ಡ ಅಡ್ಡಿಯಾಗಿಯೇ ಉಳಿದಿದೆ. ನೀರಿಗೆ ಸೇತುವೆ ಕಟ್ಟಿದ ನಗರಕ್ಕೂ ವಾಹನಪ್ರವಾಹವನ್ನು ದಾಟಿಸುವುದು ಕಷ್ಟವೇ.

ಮೂರನೆಯ ಅಳತೆ ಬಳಸುದಾರಿಯದು. ನಡೆದ ದೂರವನ್ನು ಸರಳರೇಖೆಯ ದೂರದಿಂದ ಭಾಗಿಸಿ. ಲಂಬಕೋನ ತ್ರಿಭುಜದ 300 ಮೀ. ಮತ್ತು 400 ಮೀ. ಭುಜಗಳ ಮೇಲೆ ನಡೆದರೆ ಒಟ್ಟು 700 ಮೀ.; ಕರ್ಣ 500 ಮೀ. ಅನುಪಾತ 1.4. ಚೌಕಳಿಯಂತಿರುವ ಬೀದಿಗಳಲ್ಲಿ ಇದು ಸುಮಾರು 1.41ನ್ನು ಮೀರದು. ಕಾಲುವೆಯ ಮೇಲೆ ಸೇತುವೆಗಳು ವಿರಳವಾಗಿದ್ದರೆ 3 ಅಥವಾ 4 ಕೂಡ ಆಗಬಹುದು. ಒಂದು ಭಾರಿ ಸೇತುವೆಗಿಂತ ಹಲವು ಕಿರುಸೇತುವೆಗಳು ಏಕೆ ಮೇಲು ಎಂಬುದು ಇದರಿಂದ ತಿಳಿಯುತ್ತದೆ.

ನೀವೂ ಅಳೆಯಿರಿ

ಶಿಕ್ಷಕರು ಇದನ್ನು ಗಣಿತದ ಚಟುವಟಿಕೆಯಾಗಿ ಮಾಡಿಸಬಹುದು. ಶಾಲೆಯಿಂದ ಬಸ್‌ನಿಲ್ದಾಣಕ್ಕೆ ಅಥವಾ ಊರಿನ ಕೆರೆಯ ದಂಡೆಗೆ ಇರುವ ಸರಳರೇಖೆಯ ದೂರವನ್ನು ನಕಾಶೆಯಲ್ಲಿ ಅಳೆಯಿರಿ. ನಂತರ ಹಿರಿಯರೊಬ್ಬರ ಜೊತೆ ನಡೆದು, ಹೆಜ್ಜೆಗಳನ್ನೂ ರಸ್ತೆ ದಾಟಲು ಕಾದ ಸೆಕೆಂಡುಗಳನ್ನೂ ಮೆಟ್ಟಿಲುಗಳನ್ನೂ ಬರೆದುಕೊಳ್ಳಿ. ಮಳೆಗಾಲದಲ್ಲಿ ಅದೇ ದಾರಿಯನ್ನು ಮತ್ತೊಮ್ಮೆ ನೋಡಿ. ಎಲ್ಲಿ ನೀರು ನಿಲ್ಲುತ್ತದೆ? ಅಲ್ಲಿ ಗಾಲಿಕುರ್ಚಿ ಹೋದೀತೆ? ಆ ದಾರಿಯಲ್ಲಿ ಕೆಟ್ಟ ದಿನದಲ್ಲಿ ಅತಿ ನಿಧಾನವಾಗಿ ನಡೆಯುವವರಿಗೆ ಹಿಡಿಯುವ ಸಮಯವೇ ಎರಡು ಸ್ಥಳಗಳ ನಡುವಿನ ನಿಜವಾದ ಅಂತರ.