ಹೂಮಳೆಗೆ ಮೊದಲು ಪಂಪ್‌ಮನೆ

ಬಾಳ್ಳುಪೇಟೆ ದಾಟಿ ಆಲೂರು ಕಡೆಯ ತೋಟಗಳಿಗೆ ಇಳಿದರೆ, ಫೆಬ್ರುವರಿಯಲ್ಲಿ ಬೆಳಗಿನ ಎಂಟು ಗಂಟೆಯಾದರೂ ಕೆರೆಯ ಮೇಲಿನ ಮಂಜು ಕದಲುವುದಿಲ್ಲ. ಕೊಯ್ಲು ಮುಗಿದ ರೊಬಸ್ಟಾ ಕಾಫಿ ಗಿಡಗಳು ಎಲೆ ಜೋಲಿಸಿಕೊಂಡು ನಿಂತಿವೆ. ಗೆಣ್ಣುಗೆಣ್ಣಿನಲ್ಲೂ ಮೊಗ್ಗು ಬಿಗಿದು ನೀರಿಗೆ ಕಾಯುತ್ತಿದೆ. ಸದ್ದು ಇರುವುದು ದಂಡೆಯ ಹೆಂಚಿನ ಪಂಪ್‌ಮನೆಯಲ್ಲಿ ಮಾತ್ರ: ಸ್ಪ್ಯಾನರ್ ಜಾರಿ ಕಬ್ಬಿಣಕ್ಕೆ ಬಡಿದ ಸದ್ದು, ನಡುನಡುವೆ ಮಿಸ್ತ್ರಿಯ ಕೆಮ್ಮು.

ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಹದಿನೈದು ಎಚ್‌ಪಿಯ ಪಂಪು. ಅದರ ಸುತ್ತ ಬಿಚ್ಚಿ ಹಾಕಿದ ಪೈಪಿನ ರಾಶಿ ಮೊಣಕಾಲೆತ್ತರಕ್ಕಿದೆ. ಪಲ್ಪರ್ ಮನೆಗೆಂದು ಯಾವತ್ತೋ ಕೂಡಿಸಿದ ಒಂದು ಕವಲು, ಬೋರ್ಡೋ ದ್ರಾವಣದ ತೊಟ್ಟಿಗೆ ಇನ್ನೊಂದು, ಮನೆಯ ಟ್ಯಾಂಕಿಗೆ ಮತ್ತೊಂದು. ಕವಲಿಗೊಂದು ಟೀ, ಎರಡು ಎಲ್ಬೋ, ತುಕ್ಕು ಹಿಡಿದು ತಿರುಗದ ಗೇಟ್‌ವಾಲ್ವ್. ಹೋದ ವರ್ಷ ಗುಡ್ಡದ ನೆತ್ತಿಯಲ್ಲಿ ನೀರು ಚಿಮ್ಮಿಸುವ ಜೆಟ್‌ಗಳು ಅರ್ಧಕ್ಕೇ ಉಸಿರುಗಟ್ಟಿದಾಗ ಇನ್ನೂ ದೊಡ್ಡ ಮೋಟರು ತರುವ ಮಾತೆದ್ದಿತ್ತು. ಮಿಸ್ತ್ರಿ ಒಪ್ಪಲಿಲ್ಲ. “ಮೊದಲು ಕಿತ್ತು ಹಾಕೋಣ, ಆಮೇಲೆ ತರೋಣ” ಎಂದ. ಅವನ ಮಾತೇ ಸರಿ. ಒಂದೊಂದು ಬಾಗೂ ಒತ್ತಡವನ್ನು ತಿನ್ನುತ್ತದೆ. ಅದಕ್ಕೆ ಕರೆಂಟ್ ಬಿಲ್ ಕಟ್ಟುವವರು ನಾವು.

ಕೆರೆಯಿಂದ ಪಂಪಿಗೆ ಬರುವ ಸಕ್ಷನ್ ಪೈಪೇ ಈ ಕೆಲಸದ ಜೀವ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜದಲ್ಲಿ ಹೊರಗಿನ ಗಾಳಿ ನೀರನ್ನು ಮೇಲಕ್ಕೆ ಒತ್ತುತ್ತದೆ. ಸಮುದ್ರಮಟ್ಟದಲ್ಲಿ ಲೆಕ್ಕಕ್ಕೆ ಸುಮಾರು 10.3 ಮೀಟರ್. ಪಕ್ಕದ ಸಕಲೇಶಪುರದ ಎತ್ತರ 900 ಮೀಟರಿಗೂ ಮಿಗಿಲು. ಇಲ್ಲಿ ಗಾಳಿಯ ಭಾರ ಕಡಿಮೆ, ಲೆಕ್ಕ ಒಂದು ಮೀಟರಿನಷ್ಟು ತಗ್ಗುತ್ತದೆ. ವ್ಯವಹಾರದಲ್ಲಿ ಆರು ಮೀಟರ್ ದಾಟದಿದ್ದರೆ ಒಳ್ಳೆಯದು. ಅದಕ್ಕೇ ಪಂಪನ್ನು ಎರಡು ಮೆಟ್ಟಿಲು ಕೆಳಕ್ಕಿಳಿಸಿ ಹೊಸ ಕಟ್ಟೆಯ ಮೇಲೆ ಕೂರಿಸಿದ್ದಾರೆ. ಸಕ್ಷನ್ನಿಗೆ ಈಗ ಒಂದೇ ದಪ್ಪ ಪೈಪು. ಕೆರೆಯಿಂದ ಪಂಪಿನವರೆಗೆ ಎಲ್ಲೂ ಡುಬ್ಬವಿಲ್ಲದ ಏರು. ಡುಬ್ಬವಿದ್ದರೆ ಅಲ್ಲಿ ಗಾಳಿ ಕೂರುತ್ತದೆ. ಫುಟ್‌ವಾಲ್ವ್ ಕೆಸರಿಗೆ ತಾಗದಂತೆ ತೂಗುತ್ತಿದೆ.

ಪಂಪಿಗೆ ನೀರು ಕುಡಿಸಿ ಒಂದು ಗಳಿಗೆ ಓಡಿಸಿದರು. ಮಿಸ್ತ್ರಿ ಊದುಬತ್ತಿ ಹಚ್ಚಿ ಜಾಯಿಂಟಿನಿಂದ ಜಾಯಿಂಟಿಗೆ ಹಿಡಿದುಕೊಂಡು ಹೋದ. ಎರಡನೆಯ ಫ್ಲ್ಯಾಂಜಿನ ಬಳಿ ಹೊಗೆ ತಟ್ಟನೆ ಬಾಗಿ ಒಳಕ್ಕೆ ಸೇರಿಹೋಯಿತು. ಅಲ್ಲಿ ವಾಷರ್ ಬದಲಾಯಿತು.

ವೈರಿಂಗ್ ಕಂಡಾಗ ನನಗೆ ನಿಜಕ್ಕೂ ಭಯವಾಯಿತು. ತಾಮ್ರದ ತಂತಿಗೆ ಅಲ್ಯೂಮಿನಿಯಂ ತಿರುಚಿ ಟೇಪು ಸುತ್ತಿದ ಗಂಟುಗಳು. ಮಲೆನಾಡಿನ ಮಳೆಯ ತೇವಕ್ಕೆ ಅವು ಬೂದಿಯಾಗಿ ಉದುರುತ್ತಿದ್ದವು. ಸ್ಟಾರ್ಟರಿನೊಳಗೆ ಸುಟ್ಟು ಅಂಟಿದ ಹಲ್ಲಿ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ. ಮೂರರಲ್ಲಿ ಒಂದು ಫೇಸ್ ಹೋದರೂ ಮೋಟರು ಗುಂಯ್ಗುಡುತ್ತಾ ಓಡಿ ಕಾಯಿಲ್ ಸುಟ್ಟುಕೊಳ್ಳುತ್ತದೆ. ಎಲ್ಲವನ್ನೂ ಕಿತ್ತು ಒಂದೇ ಕೇಬಲ್, ಒಂದು ಬ್ರೇಕರ್, ಫೇಸ್ ತಪ್ಪಿದರೆ ನಿಲ್ಲಿಸುವ ಒಂದು ರಿಲೇ ಇಟ್ಟರು. ಲೈನಿನ ನಕ್ಷೆಯನ್ನು ಬಾಗಿಲ ಹಿಂದೆ ಬಣ್ಣದಲ್ಲೇ ಬರೆದರು.

ಮಧ್ಯಾಹ್ನ ಸ್ವಿಚ್ ಬಿತ್ತು. ಗುಡ್ಡದ ನೆತ್ತಿಯಲ್ಲಿ ಜೆಟ್ ಎರಡು ಸಲ ಸೀನಿ, ಚಿಕ್‌ಚಿಕ್‌ಚಿಕ್ ಎಂದು ತಿರುಗತೊಡಗಿತು. ಸಿಲ್ವರ್ ಓಕಿನ ಕಾಂಡಕ್ಕೆ ಹಬ್ಬಿದ ಮೆಣಸಿನ ಬಳ್ಳಿಯವರೆಗೂ ನೀರು. ತೋಟದ ಮಳೆ ಲೆಕ್ಕದಲ್ಲಿ ನೂರು ಸೆಂಟ್ ಎಂದರೆ ಒಂದು ಇಂಚು; ಅಷ್ಟಾದರೂ ಬೀಳುವವರೆಗೆ ಲೈನ್ ಕದಲಿಸುವಂತಿಲ್ಲ. ಅರೆಬರೆ ನೆನೆದ ಮೊಗ್ಗು ಸರಿಯಾಗಿ ಅರಳದು. ಸರಿಯಾಗಿ ನೆನೆದರೆ ಎಂಟೊಂಬತ್ತು ದಿನಕ್ಕೆ ಗುಡ್ಡವೆಲ್ಲ ಬಿಳುಪು, ಮಲ್ಲಿಗೆಯಂಥ ಕಂಪು.

ಲೈನ್ ಕದಲಿಸುವವರು ಬರಿಗಾಲಲ್ಲಿ ಕೆಸರಿನಲ್ಲಿ ನಿಂತು ಒದ್ದೆ ಅಲ್ಯೂಮಿನಿಯಂ ಪೈಪು ಹೆಗಲಿಗೇರಿಸುತ್ತಾರೆ. ಮೋಟರಿನ ಮೈಗೆ ಕರೆಂಟ್ ಇಳಿದರೆ ಅದೇ ಪೈಪಿನಲ್ಲಿ ಅವರವರೆಗೂ ಹರಿಯಬಹುದು. ಅದನ್ನು ನೆಲಕ್ಕಿಳಿಸಬೇಕಾದ, ಇದ್ದಿಲು, ಉಪ್ಪು ತುಂಬಿದ ಅರ್ಥ್ ಗುಂಡಿ ಬೇಸಿಗೆಗೆ ಒಣಗಿ ಕೆಲಸ ಬಿಡುತ್ತದೆ. ತೋಟದವರೇ, ಈ ವರ್ಷ ಸ್ವಿಚ್ ಹಾಕುವ ಮುನ್ನ ಆ ಗುಂಡಿಯ ತಂತಿ ಗಟ್ಟಿಯಿದೆಯೇ ಪರೀಕ್ಷೆ ಮಾಡಿಸಿ, ಎರಡು ಕೊಡ ನೀರು ಸುರಿಯಿರಿ.