ಗಡಿ ಅಳೆಯಲು ಬಂದವನು ಅಲ್ಲಿಯೇ ಮಣ್ಣಾದ

ಆಫ್ರಿಕದ ನಕ್ಷೆ ಬಿಡಿಸಿ ಜಾಂಬಿಯಾ ದೇಶವನ್ನು ಹುಡುಕಿ. ಅದಕ್ಕೂ ಕಾಂಗೋಗೂ ನಡುವಿನ ಗಡಿಯನ್ನು ನಿರ್ಧರಿಸಿದವರು ಅಲ್ಲಿನ ಜನರಲ್ಲ. ದೂರದ ಬ್ರಿಟನ್ ಮತ್ತು ಬೆಲ್ಜಿಯಂ. 1911ರಲ್ಲಿ ಆ ಗಡಿ ಗುರುತಿಸಲು ಬಂದ ತಂಡದಲ್ಲಿ ಸ್ಟೂವರ್ಟ್ ಗೋರ್-ಬ್ರೌನ್ ಎಂಬ ಬ್ರಿಟಿಷ್ ಸೇನಾಧಿಕಾರಿಯಿದ್ದ. ಲಂಡನ್ನಿನಲ್ಲಿ 1883ರಲ್ಲಿ ಹುಟ್ಟಿದವನು. ಜಾಂಬಿಯಾ ಆಗ ಉತ್ತರ ರೊಡೇಷಿಯಾ ಎಂಬ ಬ್ರಿಟಿಷ್ ವಸಾಹತು.

ಕೆಲಸ ಮುಗಿಸಿ ಊರಿಗೆ ಹೊರಟವನಿಗೆ ದಾರಿಯಲ್ಲಿ ಶಿವಾ ನ್‌ಗಂಡು ಎಂಬ ಸರೋವರ ಕಂಡಿತು. ಮನಸ್ಸು ಅಲ್ಲೇ ನಿಂತಿತು. ಮೊದಲ ಮಹಾಯುದ್ಧದಲ್ಲಿ ಹೋರಾಡಿ, 1920ರಲ್ಲಿ ಮರಳಿ ಬಂದು ಅಲ್ಲಿ ಸಾವಿರಾರು ಎಕರೆ ಜಮೀನು ಪಡೆದ. ರೈಲು ನಿಲ್ದಾಣ ನೂರಾರು ಮೈಲಿ ದೂರ. ಅಲ್ಲಿನ ಮಣ್ಣಿನಲ್ಲೇ ಇಟ್ಟಿಗೆ, ಹೆಂಚು ಸುಡಿಸಿ ಇಂಗ್ಲೆಂಡಿನ ಜಮೀನ್ದಾರರ ಬಂಗಲೆಯಂಥದೇ ಮನೆ ಕಟ್ಟಿಸಿದ. ಕಿತ್ತಳೆ, ನಿಂಬೆ ಜಾತಿಯ ಗಿಡ ಬೆಳೆಸಿ ಸುಗಂಧ ತೈಲ ತೆಗೆಸಿದ. ಶಾಲೆ, ಆಸ್ಪತ್ರೆಗಳೂ ಬಂದವು. ಆದರೆ ದುಡಿದವರು ಆಫ್ರಿಕನ್ನರು, ದೊರೆ ಮಾತ್ರ ಇವನು. ಅವನ ಮುಂಗೋಪ ಕಂಡ ಜನ ಇಟ್ಟ ಹೆಸರು 'ಚಿಪೆಂಬೆಲೆ', ಅಂದರೆ ಘೇಂಡಾಮೃಗ!

1935ರಲ್ಲಿ ಗೋರ್-ಬ್ರೌನ್ ವಸಾಹತಿನ ಶಾಸನ ಪರಿಷತ್ತಿಗೆ ಆಯ್ಕೆಯಾದ. ಆ ಸಭೆಯಲ್ಲಿ ಒಬ್ಬನೇ ಒಬ್ಬ ಆಫ್ರಿಕನ್ ಸದಸ್ಯನಿರಲಿಲ್ಲ. ಪೇಟೆಯಲ್ಲೂ ಅನೇಕ ಅಂಗಡಿಗಳು ಆಫ್ರಿಕನ್ನರನ್ನು ಒಳಗೆ ಸೇರಿಸದೆ ಕಿಟಕಿಯಲ್ಲೇ ಸಾಮಾನು ಕೊಟ್ಟು ಕಳಿಸುತ್ತಿದ್ದವು. ಇಂಥ ವರ್ಣಭೇದವನ್ನು ವಿರೋಧಿಸಿದ ಗೋರ್-ಬ್ರೌನ್‌ನನ್ನು 1938ರಲ್ಲಿ ಆಫ್ರಿಕನ್ನರ ಹಿತ ಕಾಯುವ ಪ್ರತಿನಿಧಿಯಾಗಿ ಸರ್ಕಾರವೇ ನೇಮಿಸಿತು. 1945ರಲ್ಲಿ 'ಸರ್' ಪದವಿಯೂ ಬಂತು.

ಆದರೆ ಒಬ್ಬರ ಪರವಾಗಿ ಇನ್ನೊಬ್ಬರು ಎಷ್ಟು ದಿನ ಮಾತಾಡಬಹುದು? 1948ರಲ್ಲಿ ವಸಾಹತಿಗೆ ಹೆಚ್ಚಿನ ಸ್ವಯಮಾಡಳಿತ ಬೇಕೆಂದು ಗೋರ್-ಬ್ರೌನ್ ಸೂಚಿಸಿದಾಗ ಆಫ್ರಿಕನ್ನರು ಬೆಚ್ಚಿದರು. ಅಧಿಕಾರವೆಲ್ಲ ಅಲ್ಲಿ ನೆಲೆಸಿದ ಬಿಳಿಯರ ಕೈಸೇರುತ್ತದೆಂಬ ಭಯ ಅವರದು. ಹತ್ತು ವರ್ಷ ಗಳಿಸಿದ ವಿಶ್ವಾಸ ಕುಸಿಯಿತು. ಅದೇ ವರ್ಷ ಇಬ್ಬರು ಆಫ್ರಿಕನ್ನರು ಮೊದಲ ಬಾರಿಗೆ ಪರಿಷತ್ತಿನಲ್ಲಿ ಕುಳಿತರು. 1951ರಲ್ಲಿ ಗೋರ್-ಬ್ರೌನ್ ಪರಿಷತ್ತನ್ನು ಬಿಟ್ಟ.

ಕಥೆ ಅಲ್ಲಿಗೇ ಮುಗಿದಿದ್ದರೆ ಇಂದು ಇವನನ್ನು ನೆನೆಯಬೇಕಿರಲಿಲ್ಲ. ಶಿವಾ ನ್‌ಗಂಡುವಿಗೆ ಸಮೀಪದ ಚಿನ್ಸಾಲಿಯಲ್ಲಿ ಹುಟ್ಟಿದ ಕೆನೆತ್ ಕೌಂಡ ಸ್ವಾತಂತ್ರ್ಯ ಚಳವಳಿಯ ನಾಯಕನಾದಾಗ, ವಯಸ್ಸಾದ ಈ ಬಿಳಿಯ ಜಮೀನ್ದಾರ ಅವನ ಬೆನ್ನಿಗೆ ನಿಂತ. 1962ರ ಚುನಾವಣೆಯಲ್ಲಿ ಕೌಂಡನ ಪಕ್ಷದಿಂದಲೇ ಸ್ಪರ್ಧಿಸಿ ಸೋತ. ಪ್ರತಿನಿಧಿಯಾಗಿದ್ದವನು ಈಗ ಅನುಯಾಯಿ!

1964ರ ಅಕ್ಟೋಬರ್ 24ರಂದು ಜಾಂಬಿಯಾ ಸ್ವತಂತ್ರವಾಯಿತು. ಕೌಂಡ ಅದರ ಮೊದಲ ಅಧ್ಯಕ್ಷನಾದ. 1967ರಲ್ಲಿ ಗೋರ್-ಬ್ರೌನ್ ತೀರಿಕೊಂಡಾಗ ಹೊಸ ದೇಶ ಸಕಲ ಸರ್ಕಾರಿ ಗೌರವದೊಂದಿಗೆ ಆ ಸರೋವರದ ಸಮೀಪವೇ ಮಣ್ಣು ಮಾಡಿತು.

ಪರರ ನಾಡಿನಲ್ಲಿ ದೊರೆಯಾಗಿ ಬಾಳಿದ್ದು ಅವನ ಬದುಕಿನ ಒಂದು ಮುಖ. ನಾಡಿನ ಮಕ್ಕಳೇ ಮಾತಾಡತೊಡಗಿದಾಗ ಹಿಂದೆ ಸರಿದು ಕಿವಿಗೊಟ್ಟದ್ದು ಇನ್ನೊಂದು. ವಿದ್ಯಾರ್ಥಿಗಳು ಎರಡನ್ನೂ ಒಟ್ಟಿಗೆ ಓದಬೇಕು.